ಎರಡು ಕಡೆ ನೆಲೆ ನಿಂತ ಲೆಕ್ಕ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮದರಾಸಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಮಡಿಕೇರಿಗೆ ಬರುವಾಗ ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರವೊಂದನ್ನು ಹೊತ್ತು ತಂದೆ. ಹುಡುಗಿಗೆ ಮದುವೆ ಮಾಡುವುದು ಬಿಟ್ಟು ಇದೇನು ಕಬ್ಬಿಣ ಹೊರಿಸಿದ್ದೀರಿ ಎಂದು ನೆಂಟರು ಅಪ್ಪನನ್ನು ಕೇಳಿದರು. ಅವರ ಬಾಯಿ ಮುಚ್ಚಿಸುವ ಯಂತ್ರ ನನ್ನ ಬಳಿ ಇರಲಿಲ್ಲ.

ಮನೆಯಲ್ಲಿ ಅಪ್ಪ, ಅವ್ವ, ಅತ್ತಿಗೆ. ಯುದ್ಧಕ್ಕೆಂದು ಬರ್ಮಾಕ್ಕೆ ಹೋದ ಅಣ್ಣ ತಿರುಗಿ ಬಂದಿರಲಿಲ್ಲ. ಸತ್ತನೆಂದೂ ಯಾರೂ ತಿಳಿಸಿರಲಿಲ್ಲ. ಪ್ರತಿ ಸಂಜೆ ಅತ್ತಿಗೆ ಅವನ ಪಾಲಿನ ಅನ್ನವನ್ನು ಬಾಳೆಲೆಯಲ್ಲಿ ಬಡಿಸಿ ಒಲೆಯ ಬಳಿ ಮುಚ್ಚಿಡುತ್ತಿದ್ದಳು. ಅವ್ವ ಕಾಯುತ್ತಿದ್ದಾಳೆಂದು ಅಪ್ಪ ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ. ಅಪ್ಪ ಅಗುಳಿ ಹಾಕುವುದಿಲ್ಲವಲ್ಲ ಎಂದು ಅವ್ವ ಕಾಯುತ್ತಿದ್ದಳು. ಕರಿಕೆ ಎಂಬ ಊರಿನ ಅವಳ ತವರಿನವರು ಅತ್ತಿಗೆಗೆ ಇನ್ನೊಂದು ಸಂಬಂಧ ನೋಡಿದ್ದರು. ನಮ್ಮಲ್ಲಿ ವಿಧವೆಯ ಮರುಮದುವೆಗೆ ಅಡ್ಡಿಯಿಲ್ಲ. ಆದರೆ ಗಂಡನಿಗೆ ದಿನಾ ಅನ್ನ ಬಡಿಸುವವಳನ್ನು ವಿಧವೆ ಎನ್ನುವವರು ಯಾರು? ಅವಳ ವಯಸ್ಸು ಹೀಗೇ ಕಳೆಯುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಹಗಲು ಅತ್ತಿಗೆ ಹಿಡಿಕೆ ತಿರುಗಿಸುತ್ತಿದ್ದಳು, ನಾನು ಅಂಕಿ ಬರೆದುಕೊಳ್ಳುತ್ತಿದ್ದೆ. ದೂರ ಸರಿಸಿದ ಎರಡು ಹೈಡ್ರೋಜನ್ ಪರಮಾಣುಗಳ ಲೆಕ್ಕ. ಒಂದು ಎಲೆಕ್ಟ್ರಾನ್ ಇನ್ನೊಂದನ್ನು ನೋಡಿ ತನ್ನ ಜಾಗ ಹಿಡಿಯುತ್ತದೆ, ಆ ಇನ್ನೊಂದೂ ಹಾಗೆಯೇ. ಆದ್ದರಿಂದ ಮೊದಲು ಒಂದು ಊಹೆ ಇಟ್ಟುಕೊಳ್ಳಬೇಕು. ಬಂದ ಉತ್ತರವನ್ನೇ ಮತ್ತೆ ಒಳಗೆ ಹಾಕಬೇಕು. ಹಾಕಿದ್ದೂ ಬಂದದ್ದೂ ಒಂದೇ ಆಗುವವರೆಗೆ ಬಿಡುವಂತಿಲ್ಲ. ಎರಡು ಎಲೆಕ್ಟ್ರಾನ್‌ಗಳನ್ನೂ ಎರಡೂ ಪರಮಾಣುಗಳಿಗೆ ಸಮನಾಗಿ ಹಂಚಿ ಶುರುಮಾಡಿದ್ದೆವು. ಲೆಕ್ಕ ಹಾಗೆಯೇ ನೆಲೆ ನಿಂತಿತು.

"ನಿಂತರೆ ನಿಜ ಆದಂಗೆಯಾ?" ಅತ್ತಿಗೆ ಕೇಳಿದಳು.

"ತನ್ನ ಮಾತಿಗೆ ತಾನು ತಪ್ಪಿಲೆ, ಅಷ್ಟೆ," ಎಂದೆ.

"ಬೇರೆ ಕಡೆಂದ ಶುರು ಮಾಡಿರೆ?"

ಕೈನೋವಿಗೆ ಹೆದರಿ ಮದರಾಸಿನಲ್ಲೂ ನಾವೆಲ್ಲ ಹಳೆಯ ಉತ್ತರದಿಂದಲೇ ಹೊರಡುತ್ತಿದ್ದೆವು; ಬೇರೆಯದು ಸಿಗುವುದಾದರೂ ಹೇಗೆ? ಈ ಸಲ ಒಂದು ಎಲೆಕ್ಟ್ರಾನನ್ನು ಎಡ ಪರಮಾಣುವಿನಲ್ಲಿ, ಇನ್ನೊಂದನ್ನು ಬಲದಲ್ಲಿ ಇಟ್ಟೆ. ಅದೂ ನಿಂತಿತು, ಬೇರೆ ಕಡೆ, ಇನ್ನೂ ಕಡಿಮೆ ಶಕ್ತಿಯಲ್ಲಿ. ಅದೇ ಯಂತ್ರ, ಅದೇ ಸಮೀಕರಣ. ಶಕ್ತಿ ಕಡಿಮೆ ಇರುವುದನ್ನೇ ಒಪ್ಪುವುದು ವಾಡಿಕೆ ಎಂದು ಅವಳಿಗೆ ಹೇಳಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ಆ ಸಂಜೆ ಅಣ್ಣನ ಎಲೆಯನ್ನು ಅವಳು ಒಲೆಯ ಬಳಿ ಇಡಲಿಲ್ಲ. ಗುರುಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಎಡೆ ಇಡುವ ಒಳಕೋಣೆಗೆ ಒಯ್ದಿಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ನಿಂತಳು. ಅದೇ ಅನ್ನ, ಅದೇ ಎಲೆ. ಅವ್ವ ಹೇಳಿರಬೇಕೆಂದು ಅಪ್ಪ ಬಂದು ಕೈಮುಗಿದ. ಅಪ್ಪ ಹೇಳಿರಬೇಕೆಂದು ಅವ್ವ ಕೈಮುಗಿದಳು. ಇದೇನು ಎಂದು ಯಾರಾದರೂ ಕೇಳಿಯಾರೆಂದು ಕಾದೆ. ಕೊನೆಗೆ ನಾನೂ ಕೈಮುಗಿದೆ.

ಬಾಗಿಲು ತೆರೆದಾಗ ಅನ್ನದ ಗುಡ್ಡೆ ಒಂದು ಬದಿಗೆ ಕುಸಿದಿತ್ತು. ಬಿಸಿ ಅನ್ನ ತಾನಾಗಿ ಕುಸಿಯುತ್ತದೆ, ನನಗೂ ಗೊತ್ತು. ಆದರೂ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ.

ಮಲಗುವ ಮುನ್ನ ಅಪ್ಪ ಅಗುಳಿ ಹಾಕಿದ. ಅಗುಳಿಯ ಸದ್ದು ಕೇಳಿದ ಅವ್ವ ಮರುದಿನ "ಅಂವ ಇದ್ದಾಗ" ಎಂದು ಮಾತು ಶುರುಮಾಡಿದಳು. ಹೊಸ ಸುದ್ದಿ ಒಂದೂ ಬಂದಿರಲಿಲ್ಲ. ಕೆಲವೇ ದಿನಗಳಲ್ಲಿ, ಅಣ್ಣ ಸತ್ತು ಎಷ್ಟೋ ಕಾಲವಾಯಿತೆಂಬಂತೆ ಮನೆ ಸುಮ್ಮನಾಯಿತು. ಆ ನೆಮ್ಮದಿಗೆ ನಾನು ಹೆದರಿದೆ. ಅತ್ತಿಗೆಗೆ ಬಿಡುಗಡೆಯಾಗಲೆಂದು ಅದನ್ನು ಬೇಡಿಕೊಂಡದ್ದು ನಾನೇ ಆಗಿದ್ದರೂ.

ತವರಿಗೆ ಹೊರಟ ಅತ್ತಿಗೆಯನ್ನು ಭಾಗಮಂಡಲದ ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯ ಸರಳು ಹಿಡಿದು ಅವಳು ಕೇಳಿದಳು:

"ಲೆಕ್ಕಲಿ ಅದ್‌ಕಿಂತ ಕಡಿಮೆದ್ ಇನ್ನೊಂದ್ ಉತ್ತರ ಉಟ್ಟಾ?"

"ಉಟ್ಟೋ ಇಲ್ಲೆಯೋ, ಹುಡ್ಕದೆ ಹೆಂಗೆ ಹೇಳ್ದು?"

"ಅದ್ರಲ್ಲಿ ಅವ್ರು ಬದ್ಕಿದ್ದರೆ, ನಾ ಯಾರ್?"

ಬಸ್ಸು ಹೊರಟಿತು.

ಕರಿಕೆಯಲ್ಲಿ ನಡೆದ ಅವಳ ಮದುವೆಗೆ ನಾವು ಮೂವರೂ ಹೋದೆವು. ಚಪ್ಪರದತ್ತ ಯಾರು ಬಂದರೂ ಅವಳು ತಲೆಯೆತ್ತಿ ನೋಡುತ್ತಿದ್ದಳು. ಅವಳು ನೋಡಿದಾಗಲೆಲ್ಲ ನಾನೂ ತಿರುಗಿ ನೋಡುತ್ತಿದ್ದೆ.