ಊರಿಗೆ ನುಗ್ಗಿದ ದೇವರ ಪರವಾಗಿ

ವಿಡಿಯೊ ಆಟಗಳ ಜೊತೆ ಬರುವ ಪುಸ್ತಿಕೆಗಳಲ್ಲಿ ಯಾವ ಗುಂಡಿ ಒತ್ತಿದರೆ ಕತ್ತಿ ಬೀಸಬಹುದೆಂಬುದು ಸವಿಸ್ತಾರವಾಗಿಯೂ ಯಾಕೆ ಬೀಸಬೇಕೆಂಬುದು ಒಂದೇ ಸಾಲಿನಲ್ಲಿಯೂ ಇರುವುದನ್ನು ನೀವೂ ಗಮನಿಸಿರಬಹುದು. ಎಂಬತ್ತರ ದಶಕದಲ್ಲಿ ಸೌದಿಯ ರಾಬಿಗ್‌ನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ನಾನು ಜಿದ್ದಾದಿಂದ ತಂದ, ಟೀವಿಗೆ ಜೋಡಿಸಿ ಆಡುವ ಆಟದ ಪುಸ್ತಿಕೆಯೂ ಇಷ್ಟೇ ಹೇಳುತ್ತಿತ್ತು: ಬೆಟ್ಟದಾಚೆಯ ದೇವರು ಸೈನ್ಯಸಮೇತ ರಾಜನ ಊರಿಗೆ ನುಗ್ಗಿದ್ದಾನೆ, ಓಡಿಸಿ. ದೇವರಾದವನಿಗೆ ದಂಡೆತ್ತಿ ಬರುವ ದರ್ದೇನಿತ್ತು ಎಂಬುದರ ಬಗ್ಗೆ ಚಕಾರವಿಲ್ಲ.

ಆಟ ತಂದದ್ದು ಶುದ್ಧ ಸ್ವಾರ್ಥದಿಂದ. ಹದಿಮೂರರ ಮಗಳು ಶುಭಾ ತಾಯಿಯೊಡನೆ ಮೂರು ತಿಂಗಳ ವೀಸಾದಲ್ಲಿ ಕಾರ್ಕಳದಿಂದ ಬಂದಿದ್ದಳು. ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆಗಳೊಂದಿಗೆ ಅವತರಿಸಿ ತಿಂಗಳೊಳಗೆ ಅಂತರ್ಧಾನನಾಗುವ ಅಪ್ಪನ ಹತ್ತಿರ ಅವಳು ಬ್ಯಾಂಕ್ ಮ್ಯಾನೇಜರರ ಹತ್ತಿರ ಆಡುವಷ್ಟೇ ಮಾತಾಡುತ್ತಿದ್ದಳು. ಊಟ ಆಯ್ತಾ ಎಂದರೆ ಆಯ್ತು, ಶಾಲೆ ಹೇಗುಂಟು ಎಂದರೆ ಉಂಟು. ವೀಸಾ ಅರ್ಧ ಕರಗಿತ್ತು. ಹೀಗೆಯೇ ವಾಪಸು ಹೋಗಿಬಿಟ್ಟರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಶುಕ್ರವಾರದ ನಮಾಜು ಮುಗಿಸಿ ಊಟಕ್ಕೆ ಬರುತ್ತಿದ್ದ ಕಾಪುವಿನ ಹಮೀದ್, ನಮ್ಮ ಉಗ್ರಾಣ ನೋಡಿಕೊಳ್ಳುವವನು, ನನ್ನಷ್ಟೇ ತಾಳಮದ್ದಲೆಯ ಹುಚ್ಚಿನವನು. ವೇಷವಿಲ್ಲದೆ ಕುಳಿತು ಪಾತ್ರದ ಪರವಾಗಿ ಅರ್ಥ ಹೇಳುವ ಆ ಕೂಟದಲ್ಲಿ ಎಂಥ ರಾಕ್ಷಸನೂ ತಾನು ಬಂದ ಕಾರಣವನ್ನು ಸಾವಧಾನವಾಗಿ ನಿರೂಪಿಸಿಯೇ ಹೊಡೆದಾಟಕ್ಕೆ ಇಳಿಯಬೇಕು. ಕಾರಣ ಕೇಳದೆ ಗುಂಡಿ ಒತ್ತುವುದು ನಮ್ಮಿಬ್ಬರಿಗೂ ಅಪಚಾರವೆನಿಸಿತು. ಆ ಶುಕ್ರವಾರ ಬಿಸ್ಕತ್ತಿನ ಡಬ್ಬಿಯೇ ಮದ್ದಲೆಯಾಯಿತು.

"ದೇವರು ಅಂತ ಬೇಡ ಮಾರಾಯ, ನನಗೆ ಆಗ್ಲಿಕ್ಕಿಲ್ಲ" ಎಂದ ಹಮೀದ್. "ನಮ್ಮನ್ನು ವೀಸಾ ಕೊಟ್ಟು ಕರೆಸಿದ ಅರಬಿ ಧಣಿಯ ಹಾಗೆ ಒಬ್ಬ ದೊಡ್ಡ ಕಫೀಲ್ ಅಂತ ಇಟ್ಕೊಳ್ಳುವ. ರಾಜ ಅವನು ಮಾಡಿಸಿಕೊಟ್ಟ ಇಕಾಮಾ ಕಾಗದದಲ್ಲಿ ಊರಲ್ಲಿ ಇದ್ದವ, ಕೇಳದೆ ಬೇರೆ ಕಡೆ ಕೆಲಸಕ್ಕೆ ಸೇರಿದ್ದಾನೆ. ಹಿಡೀಲಿಕ್ಕೆ ಬಂದದ್ದು."

ರಾಜನ ಅರ್ಥ ನನ್ನದು. ಕಂಠ ಸರಿಪಡಿಸಿಕೊಂಡು, ನಿಘಂಟಿನಲ್ಲಿದ್ದ ಸಂಸ್ಕೃತವನ್ನೆಲ್ಲ ಖರ್ಚು ಮಾಡುತ್ತಾ ಅಬ್ಬರಿಸಿದೆ: ಸಂವತ್ಸರ ತಪ್ಪದಂತೆ ಪೆಟ್ಟಿಗೆಗಟ್ಟಲೆ ಕಾಣಿಕೆ ಕಳಿಸಿದವನು ನಾನು, ಯಾವ ನ್ಯೂನತೆಗಾಗಿ ಈ ಆಕ್ರಮಣ?

ಹಮೀದ್ ಉತ್ತರ ಹುಡುಕುತ್ತಿದ್ದಾಗ, ಟೀವಿಯ ಮುಂದೆ ಕೂತಿದ್ದ ಶುಭಾ ತಿರುಗಿ ನೋಡದೆಯೇ ದೇವರ ಪರವಾಗಿ ಬಾಯಿ ತೆರೆದಳು. ಅಜ್ಜನ ಜೊತೆ ಅವಳೂ ಕೂಟಗಳಿಗೆ ಹೋಗುತ್ತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

"ರಾಜಾ, ಕಾಣಿಕೆ ಬಂತು. ಚಾಕಲೇಟು, ಸೆಂಟು ಎಲ್ಲ ಬಂತು. ಅದನ್ನು ಕೇಳಿದ್ದು ಯಾರು? ನಿನ್ನನ್ನು ನೋಡ್ಲಿಕ್ಕೆ ಬಂದೆ. ಬಂದು ನೋಡಿದ್ರೆ ನೀನು ಬೆಳಿಗ್ಗೆಯಿಂದ ಸಂಜೆವರೆಗೆ ಡ್ಯೂಟಿ. ಸಂಜೆ ಬಂದು ಊಟ ಆಯ್ತಾ ಅಂತ ಕೇಳ್ತಿ. ಅಷ್ಟಕ್ಕೆ ನಾನು ಬೆಟ್ಟ ಇಳಿದು ಬರ್ಬೇಕಿತ್ತಾ?"

ಹಮೀದ್ ಡಬ್ಬಿಯನ್ನು ಒಮ್ಮೆ ಬಾರಿಸಿ ನನ್ನ ಕಡೆ ನೋಡಿದ. ತಾಳಮದ್ದಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಏಳುವಂತಿಲ್ಲ. ಸಂಸ್ಕೃತವನ್ನು ಬದಿಗಿಟ್ಟೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

"ತಪ್ಪಾಯ್ತು ಸ್ವಾಮೀ" ಎಂದೆ. "ನಾಳೆ ರಜೆ ಹಾಕ್ತೇನೆ. ಸಮುದ್ರದ ಹತ್ತಿರ ಹೋಗುವ."

"ಸೈನ್ಯವನ್ನೂ ಕರ್ಕೊಂಡು ಹೋಗ್ಬೇಕು" ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಆಮೇಲೆ ಶುಭಾ ನಿರ್ದಾಕ್ಷಿಣ್ಯವಾಗಿ ಆಟ ಆಡಿ ಆ ದೇವರನ್ನು ಬೆಟ್ಟದಾಚೆ ಓಡಿಸಿದಳು. ಮತ್ತೆ ಮೊದಲಿನಿಂದ ಶುರುಮಾಡಿ, ದೇವರು ಊರೊಳಗೆ ಬಂದಾಗ ಗುಂಡಿಗಳ ಹಿಡಿಕೆಯನ್ನು ನನ್ನ ಕೈಗೂ ಕೊಟ್ಟಳು. ನನಗೆ ಒತ್ತಲಾಗಲಿಲ್ಲ, ಬಂದವನು ಇನ್ನಷ್ಟು ದಿನ ಇರಲಿ ಎನಿಸಿತು.