ಮುಸರತ ಖಾಲಾನ ಸೀಟಿ

“ಅವ್ವಾ, ಮುಸರತ ಖಾಲಾನ ಬಲ್ಬು ಬೆಳಕು ಕೊಡೂದು ಬಿಟ್ಟು ಸೀಟಿ ಯಾಕ ಹೊಡೀತದ?”

ಉಣ್ಣಿಸುವಾಗ ಮಗಳು ರಾಧಿಕಾ ಕೇಳಿದಳು. ಅದು ಬಲ್ಬಲ್ಲ, ಹಳೇ ರೇಡಿಯೊದ ವಾಲ್ವ್ ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಬಾಯಿ ಒರೆಸಿ, ಪಕ್ಕದ ಖಾಲಾನ ಮನೆಗೇ ಕರೆದುಕೊಂಡು ಹೋದೆ.

ಶಹಾಬಾದಿನ ಕಲ್ಲು ಪಾಲಿಶ್ ಯಂತ್ರಗಳ ಮೋಟಾರುಗಳಿಗೆ ಗಂಡ ಸಲಾಂ ಚಾಚಾನ ಜೊತೆ ಕೂತು ತಂತಿ ಸುತ್ತಿದ ಕೈ ಖಾಲಾನದು. ಚಾಚಾ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದರು; ತಂತಿ ಸುತ್ತುವುದನ್ನು ಬಿಡಲಿಲ್ಲ. ಈಗ ಗುಜರಿಯ ರೇಡಿಯೊ ಬಿಚ್ಚಿ, ವಾಲ್ವಿನಿಂದ ಒಂದೇ ಸಮನೆ ನಾದ ಹೊರಡಿಸುವ ಆಸಿಲೇಟರ್ ಕಟ್ಟುತ್ತಾರೆ. ಅವರ ಬಾಯಲ್ಲಿ ಅದು ‘ಸೀಟಿ’.

ಕೂಸನ್ನು ಮಂಚದ ಮೇಲೆ ಕೂಡಿಸಿ, “ಇಳೀಬ್ಯಾಡ ನೋಡವ್ವ, ಕರೆಂಟ್ ಹೊಡೀತದ” ಎಂದರು. ಒಂದೇ ಕೊಳವೆಗೆ ಸುತ್ತಿದ ಎರಡು ಕಾಯಿಲ್ ತೋರಿಸಿದರು.

“ಇದು ಅತ್ತಿ, ಇದು ಸೊಸಿ. ವಾಲ್ವ್ ಅಂದದ್ದನ್ನ ಸೊಸಿ ಹೋಗಿ ಅತ್ತಿ ಕಿವ್ಯಾಗ ಚಾಡಿ ಹೇಳ್ತಾಳ. ಅತ್ತಿ ಹೊಳ್ಳಿ ವಾಲ್ವಿಗೆ ಹೇಳ್ತಾಳ, ಅದು ಇನ್ನೂ ಜೋರ ಮಾಡ್ತದ. ಹಿಂಗ ಮಾತಿಗೆ ಮಾತು ಬೆಳದು ಸೀಟಿ ಏಳ್ತದ. ಸೊಸಿ ತಂತಿ ಉಲ್ಟಾ ಹಚ್ಚಿದ್ರ ಮನಿ ಗಪ್ಪಚುಪ್ಪು.”

“ನಮ್ಮನ್ಯಾಗೂ ಒಮ್ಮೆ ಬಂದು ಉಲ್ಟಾ ಹಚ್ಚಿ ಹೋಗ್ರಿ ಖಾಲಾ” ಎಂದೆ.

ನಕ್ಕರು. ಆದರೆ ಇವತ್ತು ಆ ನಗು ಬೇಗ ನಿಂತಿತು. ಸೀಟಿಯ ಸ್ವರವನ್ನು ಇನ್ನೂ ಮೇಲಿನ ಸ್ಥಾಯಿಗೆ ಏರಿಸಲು ಬೆಳಿಗ್ಗೆ ಚಿಕ್ಕ ಕಂಡೆನ್ಸರ್ ಹಾಕಿದ್ದರಂತೆ. ಆಮೇಲೆ ಸ್ಪೀಕರ್ ಬಾಯಿ ಬಿಟ್ಟಿಲ್ಲ. ಉಳಿದಿರುವುದು ಅದೊಂದೇ ವಾಲ್ವ್. ವಾಡಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ಇನ್ನೊಂದು ಸಿಕ್ಕಿಲ್ಲ. ಅದು ಹೋದರೆ ಸೀಟಿ ಕಟ್ಟುವುದೂ ಮುಗಿಯಿತು.

ಮತ್ತೊಮ್ಮೆ ಸ್ವಿಚ್ ಹಾಕಿದರು. ವಾಲ್ವ್ ಒಳಗೆ ಕೆಂಪಗಾಯಿತು. ಸ್ಪೀಕರಿಗೆ ಕಿವಿ ಹಚ್ಚಿ ಕೂತರು.

“ಸತ್ತದ, ಬೇಟಿ.”

ಮಂಚದ ಮೇಲೆ ರಾಧಿಕಾ ಎರಡೂ ಕಿವಿ ಮುಚ್ಚಿಕೊಂಡಿದ್ದಳು. “ಅವ್ವಾ, ಬಂದ್ ಮಾಡಂತ ಹೇಳು! ಕಿವಿ ಚುಚ್ಚಾಕತ್ತದ!”

ನನಗೂ ಕೇಳುತ್ತಿತ್ತು, ಸೂಜಿಯಂಥ ಸಣ್ಣ ದನಿ. ಹೇಳಿದೆ. ಖಾಲಾ ನನ್ನ ಮುಖವನ್ನೇ ನೋಡಿದರು.

“ಅಂದ್ರ ವಾಲ್ವ್ ಗಟ್ಟಿ ಅದ. ಕೆಟ್ಟದ್ದು ನನ್ನ ಕಿವಿ.”

ಅಳುತ್ತಾರೇನೋ ಎಂದುಕೊಂಡೆ. ಅವರು ನಾಬ್ ತಿರುವಿ, ಸ್ವರದ ಸ್ಥಾಯಿಯನ್ನು ತಮ್ಮ ಕಿವಿಗೆ ಎಟಕುವವರೆಗೆ ಇಳಿಸಿದರು. ಎಟಕಿದಲ್ಲಿ ನಾಬಿನ ಪಕ್ಕ ಪೆನ್ಸಿಲಿನಿಂದ ಗೆರೆ ಎಳೆದು, ಹೊಲದ ಬದು ತೋರಿಸುವವರಂತೆ, “ಇಲ್ಲೀತನಕ ನಂದು” ಎಂದರು. ಇಂಥ ಗಟ್ಟಿ ಹೆಣ್ಣುಮಗಳನ್ನು ನಾನು ಬೇರೆ ಕಂಡಿಲ್ಲ.

ಹೊರಡುವಾಗ ಕೈ ಹಿಡಿದರು.

“ಬೇಟಿ, ಈ ಗೆರಿ ಆಚೀದು ನೀ ಬಂದು ಕೇಳಿ ಹೇಳ್ತೀ ಏನು? ಕೂಸಿಗೆ ಬ್ಯಾಡ, ಕಿವಿ ನೋಯ್ತಾವ. ಸೀಟಿ ನಡುಗಿದ್ರ ನಡುಗಾಕತ್ತದ ಅನ್ನು. ಮುದುಕಿಗಿ ಬ್ಯಾಸರ ಆಗ್ತದಂತ ಸುಳ್ಳು ಮಾತ್ರ ಹೇಳಬ್ಯಾಡ.”