ಅತ್ತೆ ಕಿತ್ತ ಪಾಚಿ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ವಿಜಯನಗರದಲ್ಲಿದ್ದೆವು. ನಾನು ಮದುವೆಯಾಗಿ ಆ ಮನೆಗೆ ಬರುವ ಮೊದಲೇ ಅತ್ತೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಕಾಲಿಟ್ಟು, ಜಾರಿ ಬಿದ್ದು, ಬಲಗೈ ಮುರಿದುಕೊಂಡಿದ್ದರು. ಮೂಳೆ ಕೂಡಿಕೊಂಡರೂ ಕೈ ಸ್ವಲ್ಪ ಸೊಟ್ಟಗೇ ಉಳಿಯಿತು. ಅಂದಿನಿಂದ ಭಾನುವಾರ ಬಂತೆಂದರೆ ಬ್ಲೀಚಿಂಗ್ ಪೌಡರ್ ಎರಚಿ, ತೆಂಗಿನ ಕಡ್ಡಿಯ ಪೊರಕೆಯಿಂದ ಹಿತ್ತಲನ್ನೆಲ್ಲ ಉಜ್ಜುತ್ತಿದ್ದರು. ಹಸಿರು ಕಂಡಲ್ಲೆಲ್ಲ ಪೊರಕೆ.

ಅಂಥ ಮನೆಗೆ ನಾನು ಪಾಚಿ ತಂದೆ.

ನನ್ನ ಅಣ್ಣ ಸೈನ್ಯದಲ್ಲಿದ್ದ. ಈಶಾನ್ಯದ ಬೆಟ್ಟಗಳ ಕಡೆಯಿಂದ ರಜೆಗೆ ಬಂದಾಗ ಗೋಣಿಯ ತುಂಡಿನಲ್ಲಿ ಸುತ್ತಿದ ಆರ್ಕಿಡ್ ಗಿಡವೊಂದನ್ನು ನನಗೆ ಕೊಟ್ಟು ಹೋದ. ಬೇರಿನ ಸುತ್ತ ಒದ್ದೆ ಸ್ಪಂಜಿನಂಥ ಕಂದು ನಾರು ಇತ್ತು. ಇದ್ದಿಲು, ಇಟ್ಟಿಗೆಚೂರುಗಳ ಜೊತೆ ಆ ನಾರನ್ನೂ ಕುಂಡಕ್ಕೆ ತುಂಬಿ ಗಿಡ ನೆಟ್ಟು, ಕುಂಡವನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟೆ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ, ಸತ್ತಿದೆ ಎಂದುಕೊಂಡಿದ್ದ ಆ ನಾರಿನ ತುದಿಯಲ್ಲಿ ತಿಳಿಹಸಿರು ನಕ್ಷತ್ರಗಳ ಹಾಗೆ ಪುಟ್ಟ ಪುಟ್ಟ ತಲೆಗಳು ಎದ್ದಿದ್ದವು. ಗಿಡ ಹೂ ಬಿಟ್ಟಿದ್ದರೂ ನನಗೆ ಅಷ್ಟು ಖುಷಿಯಾಗುತ್ತಿರಲಿಲ್ಲ.

ಮಳೆ ನಿಂತ ಮೇಲೆ ಆ ಹಸಿರು ಬೆಳ್ಳಗಾಗತೊಡಗಿತು. ನಮ್ಮ ಬೀದಿಯ ಕೊನೆಯಲ್ಲಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ ಒಬ್ಬರಿದ್ದರು. ಕುಂಡ ಹೊತ್ತುಕೊಂಡೇ ಅವರ ಮನೆಗೆ ಹೋದೆ.

"ಇದು ಸ್ಫ್ಯಾಗ್ನಮ್, ಒಂದು ಜಾತಿಯ ಪಾಚಿ. ಜೀವ ಇದೆ ಇದಕ್ಕೆ," ಎಂದು ಅವರು ಕನ್ನಡಕ ಏರಿಸಿಕೊಂಡರು. "ಯಾವ ನೀರು ಹಾಕ್ತಿದೀರಾ?"

"ಬೋರ್‌ವೆಲ್ ನೀರು."

"ಅದೇ ನೋಡಿ. ಉಪ್ಪಿನಂಶ ಇದಕ್ಕೆ ಆಗಲ್ಲ. ಮಳೆನೀರು ಹಾಕಿ."

ಹಿಂಗಾರಿನ ಎರಡು ಮಳೆ ಬಾಕಿಯಿದ್ದವು. ಮನೆಯಲ್ಲಿದ್ದ ಬಕೆಟ್ಟು, ಕೊಳಗಗಳನ್ನೆಲ್ಲ ಬಯಲಿಗಿಟ್ಟು ನೀರು ಹಿಡಿದೆ. ಹಸಿರು ಮರಳಿತು.

ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಹಿತ್ತಲಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯಿತು. ಕುಂಡ ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛವಾಗಿತ್ತು. ಬರೀ ಇದ್ದಿಲಿನ ನಡುವೆ ಆರ್ಕಿಡ್ ಒಂದೇ ನಿಂತಿತ್ತು.

"ಅತ್ತೆ, ಇದರಲ್ಲಿ ಇದ್ದದ್ದು ಏನಾಯ್ತು?"

"ಪಾಚಿ ಕಟ್ಟಿತ್ತು, ಕಿತ್ತು ಹಾಕ್ದೆ. ಗಿಡಕ್ಕೇನೂ ಮಾಡಿಲ್ಲ ಕಣೇ."

"ಅದು ಬೇಕೂಂತಲೇ ಬೆಳೆಸಿದ್ದು."

"ಪಾಚೀನ ಯಾರಾದ್ರೂ ಬೇಕೂಂತ ಬೆಳೆಸ್ತಾರಾ? ಇನ್ನೊಂದು ಸಲ ಬಿದ್ರೆ ನನ್ನನ್ನ ಎತ್ತೋರು ಯಾರು? ನೀವಿಬ್ರೂ ಬೆಳಿಗ್ಗೆ ಮನೆ ಬಿಟ್ರೆ ಬರೋದು ಸಂಜೆಗೆ."

ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಅದು ನನಗೆ ಆಗಲೇ ಗೊತ್ತಾಯಿತು. ಆದರೂ ಕಣ್ಣಲ್ಲಿ ನೀರು ಬಂತು. ಕಸದ ಡಬ್ಬದ ಮುಂದೆ ಕೂತೆ. ಟೀ ಚರಟ, ಹುರುಳಿಕಾಯಿ ನಾರುಗಳ ನಡುವೆ ಹುಡುಕಿದಾಗ ಹಿಡಿಯಷ್ಟು ತುಣುಕುಗಳು ಸಿಕ್ಕವು. ಮಳೆನೀರಿನಲ್ಲಿ ನಾಲ್ಕು ಸಲ ತೊಳೆದೆ. ಅಷ್ಟರಲ್ಲಿ ನನ್ನ ಗಂಡ ಬಂದು, "ಬಿಡೇ, ಹೋಗಿದ್ದು ಹೋಯ್ತು. ಲಾಲ್‌ಬಾಗ್ ಕಡೆ ಹೋದಾಗ ಬೇರೆ ಯಾವುದಾದ್ರೂ ಗಿಡ ತರೋಣ," ಎಂದರು.

"ಬೇರೆ ಬೇಡ ರೀ. ಇದೇ ಬೆಳೀಬೇಕು," ಎಂದೆ.

ತುಣುಕುಗಳನ್ನು ಮಣ್ಣಿನ ತಟ್ಟೆಯಲ್ಲಿ ಹರಡಿ, ಮೇಲೆ ಒಂದು ಗಾಜಿನ ತುಂಡು ಮುಚ್ಚಿದೆ. ಆಮೇಲೆ ಅತ್ತೆಯ ಹತ್ತಿರ ಹೋದೆ. "ಹಿತ್ತಲಲ್ಲಿ ಇಡಲ್ಲ ಅತ್ತೆ. ತಟ್ಟೇನ ರೂಮಿನ ಕಿಟಕೀಲಿಟ್ಟು, ಕುಂಡಾನ ಸರಳಿಗೆ ಕಟ್ತೀನಿ, ಅಡೀಲಿ ಬೋಗುಣಿ ಇಡ್ತೀನಿ. ಒಂದು ಹನಿ ನೆಲಕ್ಕೆ ಬಿದ್ರೂ ನಾನೇ ಒರೆಸ್ತೀನಿ. ಆದ್ರೆ ಇದನ್ನ ಬೆಳೆಸೇ ಬೆಳೆಸ್ತೀನಿ. ನೀವು ಮತ್ತೆ ಕಿತ್ರೆ ಮತ್ತೆ ಹುಡುಕ್ತೀನಿ."

ಅವರು ಅಕ್ಕಿ ಆರಿಸುತ್ತಲೇ ಇದ್ದರು.

ಹೆಚ್ಚಿನ ತುಣುಕುಗಳು ಬಿಳಿಚಿಕೊಂಡು ಸತ್ತವು. ಎರಡು ತಿಂಗಳ ಮೇಲೆ ಲೆಕ್ಕ ಹಾಕಿದರೆ ಹಸಿರು ಉಳಿದದ್ದು ನಾಲ್ಕು ತಲೆ. ಬೇಸಿಗೆ ಬೇರೆ ಬಂತು, ಹಿಡಿದಿಟ್ಟ ಮಳೆನೀರು ಮುಗಿಯಿತು. ಮೇಡಂ ಆಗ ಇನ್ನೊಂದು ದಾರಿ ಹೇಳಿದರು: ಫ್ರಿಜ್ಜಿನ ಐಸುಪೆಟ್ಟಿಗೆಯಲ್ಲಿ ಕಟ್ಟುವ ಮಂಜು ಕರಗಿದ ನೀರಿನಲ್ಲಿ ಉಪ್ಪಿರುವುದಿಲ್ಲ. ನಮ್ಮ ಮನೆಯಲ್ಲಿ ಫ್ರಿಜ್ ಎಲ್ಲಿತ್ತು? ಎದುರುಮನೆಯಲ್ಲಿತ್ತು. ಚೊಂಬು ಹಿಡಿದು ಹೋಗಿ, ಫ್ರಿಜ್ ಆರಿಸಿ ತೊಳೆಯುವ ದಿನ ಆ ನೀರು ಚೆಲ್ಲಬೇಡಿ ಎಂದು ಕೇಳಿಕೊಂಡೆ. ಆ ಮನೆಯಾಕೆ ನಕ್ಕರು, ಆದರೆ ಕೊಟ್ಟರು. ಅದು ಸಾಲದೆ ಪಕ್ಕದ ಬೀದಿಯ ಇನ್ನೆರಡು ಮನೆಗಳಿಗೂ ಹೋದೆ.

ವಿಷಯ ಅತ್ತೆಯ ಕಿವಿಗೆ ಬಿತ್ತು. "ಸೊಸೆ ಚೊಂಬು ಹಿಡ್ಕೊಂಡು ಮನೆಮನೆ ತಿರುಗಿದ್ರೆ ಜನ ಏನಂತಾರೆ? ನಾಳೆಯಿಂದ ನೀನು ಹೋಗ್ಬೇಡ. ಹೇಗೂ ಮಧ್ಯಾಹ್ನ ಅವರ ಮನೆಗೆಲ್ಲ ಹೋಗ್ತೀನಲ್ಲ, ನಾನೇ ತರ್ತೀನಿ."

ತಂದರು ಕೂಡ. ಸೊಟ್ಟ ಕೈಯಲ್ಲಿ ಚೊಂಬು ಹಿಡಿದು, ಒಂದು ಹನಿಯೂ ತುಳುಕದಂತೆ ರಸ್ತೆ ದಾಟಿ ಬರುತ್ತಿದ್ದರು. ಚೊಂಬನ್ನು ಕಿಟಕಿಯ ಕೆಳಗಿಟ್ಟು ಹೋಗುತ್ತಿದ್ದರೇ ಹೊರತು ತಟ್ಟೆಯ ಕಡೆ ನೋಡುತ್ತಿರಲಿಲ್ಲ. ನಾನೂ ನೋಡಿ ಎನ್ನಲಿಲ್ಲ.

ಮುಂದಿನ ಮಳೆಗಾಲಕ್ಕೆ ತಟ್ಟೆ ತುಂಬಿತು. ಅದನ್ನೆತ್ತಿ ಆರ್ಕಿಡ್ ಬುಡಕ್ಕೆ ಕೂರಿಸಿದೆ. ಅದರ ಮರುವರ್ಷ ಯುಗಾದಿಯ ಸುಮಾರಿಗೆ ಗಿಡ ಬಾಗಿದ ಕಡ್ಡಿಯೊಂದನ್ನು ಇಳಿಬಿಟ್ಟು ಐದು ಹೂ ಬಿಟ್ಟಿತು: ಬಿಳಿ ಎಸಳು, ನಡುವೆ ಅರಿಶಿನದ ಚುಕ್ಕೆ. ನೀರು ಕೊಟ್ಟ ಮೂರು ಮನೆಯವರೂ ಬಂದು ನೋಡಿದರು. ಅತ್ತೆ ಎಲ್ಲರಿಗೂ ಕಾಫಿ ಕೊಟ್ಟರು.

ಹೂ ಉದುರಿದ ಮೇಲೆ ಒಂದು ದಿನ ಅವರೇ ನನ್ನನ್ನು ಕರೆದರು. "ಬಾ ಇಲ್ಲಿ, ಇದನ್ನ ನೋಡು. ನಿನ್ನ ಪಾಚಿ ಹೊಸ ಮೊಳಕೇನ ನುಂಗ್ತಾ ಇದೆ."

ನಿಜ. ಹಸಿರು ದಪ್ಪಗೆ ಮೇಲೇರಿ ಗಿಡದ ಎಳೆಯ ಕುಡಿಯನ್ನು ಮುಚ್ಚಿಬಿಟ್ಟಿತ್ತು. ಕತ್ತರಿ ತಂದೆ. ಕಸದಿಂದ ಆರಿಸಿ ಉಳಿಸಿದ್ದನ್ನು ಕತ್ತರಿಸಲು ಕೈ ಬರಲಿಲ್ಲ.

"ಅಷ್ಟು ಹಟ ಮಾಡಿದೋಳು, ಈಗ್ಯಾಕೆ ಹಿಂಜರೀತೀಯಾ? ಕತ್ತರಿಸು," ಎಂದರು ಅತ್ತೆ.

ಕುಡಿಯ ಸುತ್ತ ಒಂದು ಬೆರಳಿನಷ್ಟು ಜಾಗ ಬಿಡಿಸಿದೆ. ಕತ್ತರಿಸಿದ ಹಸಿರು ತಲೆಗಳನ್ನು ಅತ್ತೆ ಸೆರಗಿನಲ್ಲಿ ಹಿಡಿದು ನಿಂತಿದ್ದರು. ಇನ್ನೊಂದು ಖಾಲಿ ಕುಂಡ ಇದೆಯಾ ಎಂದು ಕೇಳಿದರು.